ನಿರೂಪಣೆಯಿಂದ ಸಾಕ್ಷ್ಯಚಿತ್ರಕ್ಕೆ: ಸಾಗರದಿಂದ ಮ್ಯಾಂಚೆಸ್ಟರಿಗೆ ಬಂದವರ ಪ್ರಶ್ನೆಗೆ ಉತ್ತರ

ಬೆಂಗಳೂರಿನ ಚಾನೆಲ್ಲಿನಲ್ಲಿ ಸಿನಿಮಾ ಸುದ್ದಿ, ರಿಯಾಲಿಟಿ ಶೋ ನಿರೂಪಣೆ ಮಾಡಿದವರು ನೀವು. ಈಗ ಯಜಮಾನರ ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದಿದ್ದೀರಿ. ಶರಾವತಿ ಮುಳುಗಡೆಯವರ, ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮನೆ ಜಮೀನು ಕಳೆದುಕೊಂಡವರ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಆಸೆ, ಕನ್ನಡ ಇಂಗ್ಲಿಷ್ ಎರಡೂ ಬರುವವರಿಗೆ ಇಲ್ಲಿ ದಾರಿ ಉಂಟಾ ಅಂತ ಕೇಳಿದ್ದೀರಿ.

ಉಂಟು. ಆದರೆ ಕ್ಯಾಮೆರಾದ ಮುಂದೆ ಅಲ್ಲ. ಬಿಬಿಸಿಗೆ ಹಿಂದಿ, ತಮಿಳು, ತೆಲುಗು, ಮರಾಠಿ ಸೇವೆಗಳಿವೆ, ಕನ್ನಡದ್ದಿಲ್ಲ. ನಿಮ್ಮ ಕನ್ನಡಕ್ಕೆ ಬೆಲೆ ಬರುವುದು ಸಂಶೋಧನೆ, ಸಂದರ್ಶನ ಮತ್ತು ಸಬ್‌ಟೈಟಲ್‌ನಲ್ಲಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್ (ಅವಲಂಬಿತ ಸಂಗಾತಿ) ಆಗಿ ನೀವು ಫ್ರೀಲಾನ್ಸ್ ಕೆಲಸವನ್ನೂ ಮಾಡಬಹುದು. ಸ್ಟೂಡೆಂಟ್ ವೀಸಾಕ್ಕೆ ಬದಲಾದರೆ ಅದು ಹೋಯಿತು. ಸ್ವಂತ ದುಡಿಮೆ ವರ್ಷಕ್ಕೆ 1,000 ಪೌಂಡ್ ದಾಟಿದರೆ, ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಇಲ್ಲಿಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಿ. ಊರಿನ ಶೂಟಿಂಗನ್ನು ಭಾರತದ ಪಾಸ್‌ಪೋರ್ಟ್ ಕೈಯಲ್ಲಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಮುಂದೆ ಇಲ್ಲಿಯ ಪೌರತ್ವ ತಗೊಂಡು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿನವರು) ಆದರೆ, 2021ರ ಅಧಿಸೂಚನೆಯಂತೆ ಭಾರತದಲ್ಲಿ ಪತ್ರಿಕಾ ಕೆಲಸಕ್ಕೆ ವಿಶೇಷ ಅನುಮತಿ ಬೇಕು.

ಕಷ್ಟ ಇರುವುದು ನಾಲಿಗೆಯಲ್ಲಿ. ಎರಡು ಸೆಕೆಂಡ್ ಮೌನವಾದರೆ ನಿರೂಪಕರಿಗೆ ಕೈಕಾಲು ಆಡುವುದಿಲ್ಲ, ಏನಾದರೂ ಹೇಳಿ ತುಂಬಿಸಿಬಿಡುತ್ತಾರೆ. ಸಾಕ್ಷ್ಯಚಿತ್ರದಲ್ಲಿ ಉತ್ತರ ಮುಗಿದ ಮೇಲೆ ಐದಾರು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಬೇಕು, ಅಸಲಿ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ. "ಹೌದಾ", "ಅಯ್ಯೋ" ಅಂತ ನಡುವೆ ಸೇರಿಸಿದರೆ ಎಡಿಟಿಂಗಿನಲ್ಲಿ ಆ ತುಂಡು ಕತ್ತರಿಸಲು ಬರುವುದಿಲ್ಲ. ತಲೆ ಆಡಿಸಿ ಸಾಕು. "ಆಗ ಬೇಜಾರಾಯ್ತಾ?" ಅಂದರೆ "ಹ್ಞೂಂ" ಅಂತಾರೆ, ಮುಗೀತು. "ಮನೆ ಬಿಟ್ಟ ದಿನ ಬೆಳಗ್ಗೆಯಿಂದ ಹೇಳಿ" ಅನ್ನಿ. ಹೊರಡುವ ಮೊದಲು ಯಾರೂ ಮಾತಾಡದೆ ಆ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ತುಂಡುಗಳ ನಡುವಿನ ಸಂದಿಗೆ ಬೇಕಾಗುತ್ತದೆ.

ಮಲೆನಾಡಿನಲ್ಲಿ ಕೈಕೊಡುವುದು ಧ್ವನಿಯೇ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಸಂದರ್ಶನ ಆಗುವ ಮಾತಲ್ಲ ಮಾರಾಯ್ರೇ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಯಂತ್ರದ ಗದ್ದಲ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ ಸಿಕ್ಕಿಸಿ. ಧ್ವನಿಯ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಇಲ್ಲಿಯೂ ಊರಲ್ಲೂ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಮೊಬೈಲನ್ನು 30 ಫ್ರೇಮಿನಲ್ಲೇ ಬಿಟ್ಟರೆ ಟ್ಯೂಬ್‌ಲೈಟ್ ಮಿಣುಕುತ್ತದೆ.

ಹೋಗುವುದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ; ನೀರು ಚೆನ್ನಾಗಿ ಇಳಿದ ವರ್ಷ ಅದರಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಎದ್ದು ಕಾಣುತ್ತದೆ. ತುಂಬಿದ ಹಿನ್ನೀರು ನೋಡಲು ಚೆಂದ, ಆದರೆ ಏನು ಮುಳುಗಿತು ಎಂದು ಅದು ತೋರಿಸುವುದಿಲ್ಲ. ಕಾಡಿನೊಳಗೆ ಶೂಟಿಂಗಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ತಿಂಗಳುಗಳು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲವೂ ಹೌದು. ಉದ್ದ ತೋಳಿನ ಬಟ್ಟೆ, ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಬೇಕೇ ಬೇಕು, ವಾಪಸು ಬಂದ ಮೇಲೆ ಮೈಮೇಲೆ ಉಣುಗು ಇದೆಯಾ ನೋಡಿಕೊಳ್ಳಿ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಬಿಟ್ಟ ಮನೆತನಗಳ ಮುಂದೆ ಇಂಗ್ಲಿಷ್ ಫಾರ್ಮ್ ಚಾಚಬೇಡಿ. ಓದಿ ಹೇಳಿ, ಒಪ್ಪಿದ್ದನ್ನು ಕ್ಯಾಮೆರಾದಲ್ಲೂ ಹಿಡಿಯಿರಿ.

ಸಬ್‌ಟೈಟಲ್ ಎಂದರೆ ಎರಡು ಸಾಲು, ಸಾಲಿಗೆ ಸುಮಾರು 42 ಅಕ್ಷರ. "ನಾವು ಮುಳುಗಡೆಯವ್ರು" ಅನ್ನುವುದು ಒಂದು ಗುರುತು, ಹೆಚ್ಚುಕಡಿಮೆ ಕುಲನಾಮ. "ಸ್ಥಳಾಂತರಗೊಂಡವರು" ಅನ್ನುವ ಅರ್ಥದ ಇಂಗ್ಲಿಷ್ ಪದ ಹಾಕಿದರೆ ಅದು ಸರಕಾರಿ ವರದಿಯಾಗುತ್ತದೆ. "ಮುಳುಗಡೆ" ಪದವನ್ನೇ ಉಳಿಸಿ, ಮೊದಲ ಐದು ನಿಮಿಷದಲ್ಲಿ ಯಾರಾದರೂ ಅದನ್ನು ಬಿಡಿಸಿ ಹೇಳುವ ಹಾಗೆ ಕಟ್ಟಿ. ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರಕಾರಿ ಜಮೀನಿನ ಸಾಗುವಳಿ), ಸೊಪ್ಪಿನಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಪದಗಳಿಗೂ ಇದೇ ಉಪಾಯ.

ಇಲ್ಲಿ ಹಣ ಕೊಡುವವರ ಮೊದಲ ಪ್ರಶ್ನೆ "ಈಗ ಯಾಕೆ?" ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಈ ನಡುವಿನ 61 ವರ್ಷ ಸೇತುವೆಯಿಲ್ಲದೆ, ಹಿನ್ನೀರು ದಾಟಲು ಲಾಂಚಿಗೆ ಕಾದವರೇ ನಿಮ್ಮ ಉತ್ತರ. ಮೂರು ನಿಮಿಷದ ತುಣುಕು ಸಿದ್ಧಮಾಡಿ, ನಿರೂಪಣೆಯ ಹಳೆಯ ಶೋರೀಲ್ ಅದಕ್ಕೆ ಸೇರಿಸಬೇಡಿ. ಸಾಕ್ಷ್ಯಚಿತ್ರಗಳ ಹಬ್ಬ ಶೆಫೀಲ್ಡ್ ಡಾಕ್‌ಫೆಸ್ಟ್ ಜೂನ್‌ನಲ್ಲಿ ನಡೆದರೂ, ಹಣ ಕೊಡುವವರನ್ನು ಭೇಟಿ ಮಾಡಿಸುವ ಅದರ ಮೀಟ್‌ಮಾರ್ಕೆಟ್‌ಗೆ ಅರ್ಜಿ ತಿಂಗಳುಗಳ ಮೊದಲೇ ಮುಗಿಯುತ್ತದೆ. ಈ ಬೇಸಿಗೆಯಲ್ಲಿ ತೆಗೆದದ್ದು ಮುಂದಿನ ವರ್ಷದ ಅರ್ಜಿಗೆ.