'ನಿಲ್ ಬಟ್ಟೆ ಸನ್ನಾಟಾ'ದಲ್ಲಿ ಅಮ್ಮ ಮಗಳ ಕ್ಲಾಸಿಗೇ ಯಾಕೆ ಸೇರುತ್ತಾಳೆ?

ತಾನು ಲೆಕ್ಕ ಕಲಿತು ಮಗಳಿಗೆ ಹೇಳಿಕೊಡಲು. ಬುದ್ಧಿಮಾತು ಸೋತ ಮೇಲೆ ಅವಳಿಗೆ ಉಳಿದ ದಾರಿ ಅದೊಂದೇ.

2016ರ ಈ ಹಿಂದಿ ಸಿನಿಮಾ ನಡೆಯುವುದು ಆಗ್ರಾದಲ್ಲಿ. ಚಂದಾ (ಸ್ವರಾ ಭಾಸ್ಕರ್) ಮನೆಗೆಲಸ ಮಾಡಿ ಮಗಳು ಅಪೇಕ್ಷಾಳನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿರುತ್ತಾಳೆ. ಮಗಳೋ, ಕೆಲಸದವಳ ಮಗಳು ಕೆಲಸದವಳೇ ಆಗೋದು ಅಂತ ತೀರ್ಮಾನಿಸಿ ಕೂತಿದ್ದಾಳೆ. ಟ್ಯೂಷನ್‌ಗೆ ದುಡ್ಡಿಲ್ಲ. ಆಗ ಚಂದಾ ಕೆಲಸ ಮಾಡುವ ಮನೆಯಾಕೆಯೇ ನೀನೇ ಶಾಲೆಗೆ ಸೇರು ಅಂತಾರೆ.

ಮಗಳಿಗೆ ನಾಚಿಕೆ, ಸಿಟ್ಟು. ಕ್ಲಾಸಿನಲ್ಲಿ ಪರಿಚಯವೇ ಇಲ್ಲದವಳ ಹಾಗೆ ಇರುತ್ತಾಳೆ. ನಗು ಬರುವುದೂ ಇಲ್ಲೇ, ಕರುಳು ಚುರುಕ್ ಅನ್ನುವುದೂ ಇಲ್ಲೇ. ಲೆಕ್ಕದಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದರೆ ಶಾಲೆ ಬಿಡುತ್ತೇನೆ ಅಂತ ಅಮ್ಮ ಮಾತು ಕೊಡುತ್ತಾಳೆ ನೋಡಿ, ಇಡೀ ಕಥೆ ತಿರುಗುವುದು ಆ ಮಾತಿನ ಮೇಲೆ, ಯಾಕೆಂದರೆ ಕನಸು ಕಾಣದ ಹುಡುಗಿ ಅಮ್ಮನನ್ನು ಕ್ಲಾಸಿನಿಂದ ಓಡಿಸಲಿಕ್ಕಾದರೂ ಪುಸ್ತಕ ಹಿಡಿಯಬೇಕಲ್ವಾ?

ದೊಡ್ಡವರು ಹತ್ತನೇ ಕ್ಲಾಸಿಗೆ ಕೂರುವುದು ನಮ್ಮ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕೈ ತೊಳೆದು ಕನ್ನಡ ರಾತ್ರಿಶಾಲೆಗೆ ಓಡಿದವರು ಇಲ್ಲಿ ತುಂಬಾ ಜನ. ಡೊಂಬಿವ್ಲಿಯ ಮನೆಯಲ್ಲಿ ಇದನ್ನು ನೋಡುವಾಗ, ಅಕ್ಕಿ ಆರಿಸುತ್ತಿದ್ದ ನಮ್ಮಮ್ಮ ಮೊರ ಪಕ್ಕಕ್ಕಿಟ್ಟು ಕೊನೆಯವರೆಗೂ ಕೂತಿದ್ದರು.