ಎರಡು ತಲೆಯ ಹಸು ಇರುವ ಆಟ

ಪ್ರಶ್ನೆ: ‘ಫಾಲ್‌ಔಟ್’ ವೆಬ್ ಸೀರೀಸ್ ನೋಡಿದೆ. ಅದು ವಿಡಿಯೊ ಗೇಮ್‌ನಿಂದ ಬಂದದ್ದಂತೆ. ಗೇಮ್ ಎಷ್ಟು ಹಳೇದು? ಮಾಡಿದವರು ಯಾರು?
– ದಾವಣಗೆರೆಯಿಂದ ಒಬ್ಬರು

ಉತ್ತರ: ಮೊದಲ ಗೇಮ್ 1997ರದ್ದು. ಅದರ ಬೇರು ಇನ್ನೂ ಹಿಂದಿದೆ. ಕ್ಯಾಲಿಫೋರ್ನಿಯಾದ ಇಂಟರ್‌ಪ್ಲೇ ಕಂಪನಿ 1988ರಲ್ಲಿ ‘ವೇಸ್ಟ್‌ಲ್ಯಾಂಡ್’ ಅಂತ ಒಂದು ಗೇಮ್ ಮಾಡಿತ್ತು, ಅಣುಯುದ್ಧ ಆಗಿಹೋದ ಮೇಲೆ ಉಳಿದವರ ಕತೆ. ಆದರೆ ಅದರ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನುವ ಇನ್ನೊಂದು ಗೇಮ್ ಕಂಪನಿಯ ಕೈಲಿತ್ತು. ಮುಂದಿನ ಭಾಗ ಮಾಡೋಣ ಅಂದರೆ ಹೆಸರೇ ಸಿಗಲಿಲ್ಲ, ಸರಿ, ಬೇರೆ ಹೆಸರಿಟ್ಟು ಬೇರೆ ಲೋಕವನ್ನೇ ಕಟ್ಟಿದರು. ಟಿಮ್ ಕೇನ್ ಎಂಬ ಪ್ರೋಗ್ರಾಮರ್ ಮೊದಮೊದಲು ಒಬ್ಬರೇ ಕೂತು ಅದರ ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ಸಾಫ್ಟ್‌ವೇರ್, ಬರೆದರು. ಆಟದ ನಿಯಮಗಳನ್ನು ‘ಗರ್ಪ್ಸ್’ ಅನ್ನುವ, ಕಾಗದ–ದಾಳ ಹಿಡಿದು ಆಡುವ ಆಟದಿಂದ ತೆಗೆದುಕೊಂಡಿದ್ದರು. ರಿಲೀಸ್‌ಗೆ ಕೆಲವೇ ತಿಂಗಳಿರುವಾಗ ಆ ಒಪ್ಪಂದವೂ ಮುರಿದುಬಿತ್ತು! ಗಡಿಬಿಡಿಯಲ್ಲಿ ಶಕ್ತಿ, ಬುದ್ಧಿ, ಅದೃಷ್ಟ ಅಂತ ಏಳು ಗುಣಗಳ ಲೆಕ್ಕ ಹಾಕಿ ‘ಸ್ಪೆಷಲ್’ ಎಂಬ ಸ್ವಂತ ಪದ್ಧತಿ ಮಾಡಿಕೊಂಡರು. ಅದೇ ಇವತ್ತಿಗೂ ನಡೆದುಕೊಂಡು ಬಂದಿದೆ. ಮೊದಲ ಗೇಮ್‌ನಲ್ಲಿ ಬುದ್ಧಿಗೆ ತೀರಾ ಕಡಿಮೆ ಅಂಕ ಕೊಟ್ಟು ಆಡಿ ನೋಡಿ. ನಿಮ್ಮ ಪಾತ್ರಕ್ಕೆ ಮಾತೇ ಬರೋದಿಲ್ಲ, ಯಾರು ಏನು ಕೇಳಿದರೂ ಸುಮ್ನೆ ‘ಹಾಂ... ಊಂ...’ ಅನ್ನುತ್ತೆ. ನನಗೆ ಇಡೀ ಸರಣಿಯಲ್ಲಿ ಜಾಸ್ತಿ ನಗು ಬಂದದ್ದು ಅಲ್ಲೇ.

ಎರಡನೇದು 1998ರಲ್ಲಿ ಬಂತು. ಮೂರನೇದು ಇಂಟರ್‌ಪ್ಲೇಯ ದುಡ್ಡಿನ ತಾಪತ್ರಯದಲ್ಲಿ 2003ಕ್ಕೆ ಅರ್ಧಕ್ಕೇ ನಿಂತಿತು. ಕೊನೆಗೆ 2007ರಲ್ಲಿ ಬೆಥೆಸ್ಡಾ ಕಂಪನಿ ಇಡೀ ಸರಣಿಯನ್ನೇ 57.5 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಆಮೇಲೆ ಬಂದ ‘ಫಾಲ್‌ಔಟ್ 3’ ಅದೇ ಕಂಪನಿ ಹೊಸದಾಗಿ ಮಾಡಿದ್ದು.

ಪ್ರಶ್ನೆ: ‘ಫಾಲ್‌ಔಟ್ 3’ ಅನ್ನು ಹಸುವಿನ ಕಾರಣಕ್ಕೆ ಭಾರತದಲ್ಲಿ ಬ್ಯಾನ್ ಮಾಡಿದ್ದರಂತೆ, ನಿಜವಾ?
– ಮೈಸೂರಿನ ವಿದ್ಯಾರ್ಥಿ

ಉತ್ತರ: ಬ್ಯಾನ್ ಅಲ್ಲ. 2008ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ತಾನಾಗಿಯೇ, ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮಗಳನ್ನು ನೋಡಿ ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್‌ಗೆ ಈ ಗೇಮ್ ಭಾರತಕ್ಕೆ ತರುವುದಿಲ್ಲ ಅಂದಿತು. ಯಾವ ಸೂಕ್ಷ್ಮ ಅಂತ ಬಿಡಿಸಿ ಹೇಳಲಿಲ್ಲ. ಜನ ಹಸುವಿನ ಕಡೆ ಬೆರಳು ತೋರಿಸಿದರು. ವಿಕಿರಣ ತಗುಲಿ ಎರಡು ತಲೆಯಾದ ಹಸು ಅದು, ಬೆನ್ನ ಮೇಲೆ ಸಾಮಾನು ಹೇರಿಸಿಕೊಂಡು ವ್ಯಾಪಾರಿಗಳ ಹಿಂದೆ ಓಡಾಡುತ್ತದೆ, ಹೆಸರು ‘ಬ್ರಾಹ್ಮಿನ್’. ಈ ಹಸು 1997ರ ಗೇಮ್‌ನಲ್ಲೇ ಇತ್ತು. ಅಮೆರಿಕದಲ್ಲಿ ‘ಬ್ರಾಹ್ಮನ್’ ಅಂತ ನಿಜವಾದ ದನದ ತಳಿಯೂ ಇದೆ, ಇಲ್ಲಿಂದ ಹೋದ ಗಿರ್, ಕೃಷ್ಣಾ ಕಣಿವೆ ಮುಂತಾದ ತಳಿಗಳನ್ನು ಬೆರೆಸಿ ಬೆಳೆಸಿದ್ದು. ಅಂದರೆ ನಮ್ಮ ಉತ್ತರ ಕರ್ನಾಟಕದ ರಕ್ತವೂ ಒಂದು ಹನಿ ಅದರಲ್ಲಿದೆ! ಇನ್ನೊಂದು ತಮಾಷೆ, 2021ರಲ್ಲಿ ಬೆಥೆಸ್ಡಾದ ಮಾತೃಸಂಸ್ಥೆಯನ್ನು ಕೊಂಡದ್ದು ಇದೇ ಮೈಕ್ರೋಸಾಫ್ಟ್. ಹಸುವೂ ಜೊತೆಗೇ ಬಂತು, ಅಲ್ವಾ?

ಪ್ರಶ್ನೆ: ಹೊಸಬರು ಯಾವುದರಿಂದ ಶುರು ಮಾಡಬೇಕು?
– ಶಿರಸಿಯ ಓದುಗರು

ಉತ್ತರ: 2010ರ ‘ಫಾಲ್‌ಔಟ್: ನ್ಯೂ ವೆಗಾಸ್’. ಮಾಡಿದ ತಂಡದಲ್ಲಿ ಹಳೇ ಇಂಟರ್‌ಪ್ಲೇಯವರೂ ಇದ್ದರು, ಒಂದೂವರೆ ವರ್ಷದಲ್ಲಿ ಮುಗಿಸಿದರು, ಬರವಣಿಗೆ ಸೊಗಸಾಗಿದೆ. 1997ರದ್ದರಲ್ಲಿ ನೆಲದಡಿಯ ನಿಮ್ಮ ಊರಿಗೆ ನೀರು ಶುದ್ಧ ಮಾಡುವ ಯಂತ್ರದ ಚಿಪ್ ಹುಡುಕಲು 150 ದಿನದ ಗಡುವು ಇರುತ್ತದೆ, ತಾಳ್ಮೆ ಇದ್ದರೆ ಆಮೇಲೆ ಅದನ್ನೂ ಆಡಿ. 2018ರ ‘ಫಾಲ್‌ಔಟ್ 76’ ಆನ್‌ಲೈನ್‌ನಲ್ಲಿ ಹಲವರು ಸೇರಿ ಆಡುವಂಥದ್ದು, ಅದಕ್ಕೆ ಗೆಳೆಯರ ಗುಂಪು ಇದ್ದರಷ್ಟೇ ಹೋಗಿ.