ಟೇಬಲ್ ಮುರಿಯಬೇಡಿ ಮಾರಾಯ್ರೆ

ಓದುಗರ ಕಾಗದ: "ನಾನು ಡೊಂಬಿವಲಿಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. ಗೆಳೆಯರ ಜತೆ ಸೇರಿ ಒಂದು ಮೊಬೈಲ್ ಗೇಮಿನ ವಿಕಿ, ಅಂದರೆ ಎಲ್ಲರೂ ಸೇರಿ ಬರೆದು ತಿದ್ದುವ ಜಾಲತಾಣ, ನಡೆಸುತ್ತೇನೆ. ಆಟದಲ್ಲಿ 80 ಹೀರೋಗಳಿದ್ದಾರೆ, ಒಬ್ಬೊಬ್ಬರಿಗೆ 12 ಬಗೆಯ ಸ್ಟಾಟ್ (ಬಲ, ವೇಗದಂಥ ಗುಣಗಳ ಅಂಕಿ). ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ಹಾಕಿದ್ದೇನೆ. ಗೆಳೆಯರಿಗೆ ಇದು ಇಷ್ಟವಿಲ್ಲ. ಟೇಬಲ್ ತೆಗೆದು, ಹೀರೋಗೊಂದು ಪುಟ ಮಾಡಿ, ಅಂಕಿಗೆ ತಕ್ಕ ಉದ್ದದ ಬಣ್ಣದ ಪಟ್ಟಿ, ಅಂದರೆ ಬಾರ್ ಹಾಕೋಣ ಅನ್ನುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಗೇಮ್ ವಿಷಯ ಬರುವುದಿಲ್ಲ, ಗೊತ್ತು. ಆದರೂ ಪುಟ ಕಟ್ಟುವವರು ನೀವು. ಏನು ಹೇಳುತ್ತೀರಿ?"

ಸಂಪಾದಕರ ಉತ್ತರ:

ಗೇಮ್ ವಿಷಯ ಬರುವುದಿಲ್ಲ ಅಂತ ಯಾರು ಹೇಳಿದರು? ಯಾರೂ ಬರೆದು ಕಳಿಸಲಿಲ್ಲ, ಹಾಗಾಗಿ ಬರಲಿಲ್ಲ. ನಮಗೆ ಬರುವುದೆಲ್ಲ ಕವನ. ಅದರ ನಡುವೆ ಅಂಕಿಗಳನ್ನು ಹೇಗೆ ಜೋಡಿಸಲಿ ಎಂದು ಕೇಳಿದ ಕಾಗದ ನಿಮ್ಮದು. ಓದಿ ಬಹಳ ಖುಷಿಯಾಯಿತು.

ಮೊದಲು ನಿಮ್ಮ ಗೆಳೆಯರಿಗೆ ಸಲ್ಲಬೇಕಾದ್ದು ಸಲ್ಲಲಿ. ಫೋನಿನ ಪರದೆ ಕಿರಿದು. ಒಬ್ಬನೇ ಹೀರೋನ ಮೇಲೆ ಪ್ರೀತಿ ಇರುವವನಿಗೆ ಉಳಿದ 79 ಜನ ಯಾಕೆ? ಅವನಿಗೊಂದು ಪುಟ ಇರಲಿ, ಬಾರ್ ಕೂಡ ಇರಲಿ. ಅವರ ಪರವಾದ ಮಾತು ಇಷ್ಟೇ.

ಈಗ ನಮ್ಮ ಮಾತು. ಟೇಬಲ್ ಹುಟ್ಟಿದ್ದೇ ಹೋಲಿಸಿ ನೋಡಲು. ಪೋಕೆಮಾನ್ ಆಟವನ್ನೇ ತಗೊಳ್ಳಿ. 1996ರಲ್ಲಿ ಜಪಾನಿನಲ್ಲಿ ಶುರುವಾದಾಗ 151 ಜೀವಿಗಳಿದ್ದವು, ಈಗ ಸಾವಿರ ದಾಟಿವೆ. ಪ್ರತಿಯೊಂದಕ್ಕೂ ಆರು ಸ್ಟಾಟ್: ಜೀವ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ. ಅದರಲ್ಲಿ ಶಕಲ್ ಅಂತ ಒಂದಿದೆ. ಅದರ ಸಾಲು ಹೀಗೆ: 20, 10, 230, 10, 230, 5. ಮೊತ್ತ 505. ಅದೇ ಆಟದ ಹೆಸರಾಂತ ಜೀವಿ ಪಿಕಾಚುವಿನ ಮೊತ್ತ ಬರೀ 320. ಮೊತ್ತ ನೋಡಿದವನು ಶಕಲ್ ದೊಡ್ಡ ಪೈಲ್ವಾನ ಅಂದುಕೊಳ್ಳುತ್ತಾನೆ. ಇಡೀ ಸಾಲು ನೋಡಿದವನಿಗೆ ಗೊತ್ತಾಗುತ್ತದೆ, ಇದು ಹೊಡೆತ ತಿನ್ನಲಿಕ್ಕೆ ಹುಟ್ಟಿದ ಪ್ರಾಣಿ, ಹೊಡೆಯಲಿಕ್ಕಲ್ಲ ಅಂತ. ಮೇಲಿನ ಕೆಳಗಿನ ಸಾಲುಗಳನ್ನೂ ನೋಡಿದವನಿಗೆ, ರಕ್ಷಣೆಯ ಕಾಲಂನಲ್ಲಿ 230 ಎಷ್ಟು ಅಪರೂಪ ಎಂಬುದೂ ತಿಳಿಯುತ್ತದೆ. ಇದನ್ನು ಸಾವಿರ ಪುಟಗಳಲ್ಲಿ ಹರಡಿಟ್ಟರೆ ಯಾರು ಹುಡುಕಿಯಾರು?

ಅಂದಹಾಗೆ ಮೊತ್ತದ ಕಾಲಂ ಕೊನೆಯಲ್ಲಿರಲಿ. ಹೆಸರಿನ ಪಕ್ಕದಲ್ಲೇ ಇಟ್ಟರೆ ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಈ ಬಾರ್ ಎಂಬುದರ ಕತೆ ನಿಮ್ಮ ಗೆಳೆಯರಿಗೆ ಗೊತ್ತೋ ಇಲ್ಲವೋ. 1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬಾತ ವ್ಯಾಪಾರದ ಲೆಕ್ಕಗಳನ್ನು ಗೆರೆಗಳಲ್ಲಿ ಬರೆದು ತೋರಿಸಿದ. ವರ್ಷದಿಂದ ವರ್ಷಕ್ಕೆ ಏರುವ ಇಳಿಯುವ ಗೆರೆಗಳು. ಆದರೆ ಸ್ಕಾಟ್ಲೆಂಡಿನ ಆಮದು ರಫ್ತಿನದ್ದು ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಒಂದು ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಬಾರ್ ಹಾಕಿದ. ಲೆಕ್ಕ ಸಾಲದೆ ಬಂದ ವಸ್ತು ಅದು. ಲೆಕ್ಕ ತುಂಬಿ ತುಳುಕುವ ನಿಮ್ಮಲ್ಲಿಗೆ ಅದನ್ನು ಯಾಕೆ ತರುತ್ತೀರಿ?

ಹಾಗಂತ ನಿಮ್ಮನ್ನೂ ಸುಮ್ನೆ ಬಿಡುವುದಿಲ್ಲ. ಕಾಗದದ ಜತೆ ಕಳಿಸಿದ ಚಿತ್ರ ನೋಡಿದೆ. ಅಂಕಿಗಳೆಲ್ಲ ಕಾಲಂನ ನಡುವಿಗೆ ನಿಂತಿವೆ. 98ರ ಕೆಳಗೆ 1204, ಅದರ ಕೆಳಗೆ 7. ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಬರೆಯಬೇಕು ಅಂತ ಮೂರನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ಅಲ್ವಾ? ಎಲ್ಲ ಅಂಕಿಗಳನ್ನೂ ಬಲಕ್ಕೆ ತನ್ನಿ. ಎಲ್ಲ ಅಂಕಿಗೂ ಒಂದೇ ಅಗಲವಿರುವ ಫಾಂಟ್ ಹಾಕಿ. ಆಗ ಓದುವ ಮೊದಲೇ ಯಾವುದು ದೊಡ್ಡದು ಅಂತ ಕಣ್ಣಿಗೆ ಗೊತ್ತಾಗುತ್ತದೆ. ನಿಮ್ಮ ಗೆಳೆಯರು ಕೇಳುವ ಬಾರ್ ಬಿಟ್ಟಿಯಾಗಿ ಸಿಕ್ಕಿತು ನೋಡಿ.

ಎರೆನ್‌ಬರ್ಗ್ ಎಂಬ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ 1977ರಲ್ಲಿ ಟೇಬಲ್ ಬರೆಯುವ ಬಗ್ಗೆ ಒಂದು ಲೇಖನ ಬರೆದ. ಪ್ರತಿ ಸಂಖ್ಯೆಯಲ್ಲಿ ಮುಖ್ಯವಾದ ಎರಡು ಅಂಕಿ ಉಳಿಸಿ ಉಳಿದದ್ದನ್ನು ದುಂಡಗೆ ಮಾಡಿ, ಹೋಲಿಸಬೇಕಾದ್ದನ್ನು ಅಡ್ಡಕ್ಕಲ್ಲ, ಉದ್ದಕ್ಕೆ ಇಡಿ, ಸಾಲುಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿ ಅಂತ. ನೀವು ಹೀರೋಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದೀರಿ. ಹೆಸರು ಗೊತ್ತಿದ್ದವನಿಗೆ ಅದು ಸರಿ. ಹೊಸಬನಿಗೆ ಯಾರ ಹೆಸರು ಗೊತ್ತು? ಗಾಯ ವಾಸಿ ಮಾಡುವವರೆಲ್ಲ ಒಂದು ಗುಂಪು, ಮುಂದೆ ನಿಂತು ಪೆಟ್ಟು ತಿನ್ನುವವರು ಒಂದು ಗುಂಪು, ಗುಂಪಿನೊಳಗೆ ಮುಖ್ಯ ಸ್ಟಾಟಿನ ಕ್ರಮ. ಉಳಿದದ್ದಕ್ಕೆ, ಕಾಲಂಗಳ ಹೆಸರಿರುವ ತಲೆಸಾಲು ಒತ್ತಿದರೆ ಕ್ರಮ ಬದಲಾಗುವ ಸೌಲಭ್ಯ ವಿಕಿಯಲ್ಲೇ ಇದೆ. ಆದರೆ ಟೇಬಲ್‌ನ ಒಂದೊಂದು ಮನೆಯೊಳಗೆ (ಚೌಕದೊಳಗೆ) ಬರೀ ಅಂಕಿ ಇರಬೇಕು. "90, ಮಳೆಯಲ್ಲಿ 100" ಅಂತೆಲ್ಲ ಬರೆದರೆ ಯಂತ್ರ ಅದನ್ನು ಅಕ್ಷರವೆಂದು ತಿಳಿದು 1200ನ್ನು 90ರ ಮುಂದೆ ಕೂರಿಸೀತು.

ಕಾಲಂ ಜಾಸ್ತಿಯಾಯಿತು ಎಂಬ ದೂರಿಗೆ ಬರೋಣ. ಗೆನ್‌ಶಿನ್ ಇಂಪ್ಯಾಕ್ಟ್ ಆಟದಲ್ಲಿ ಕ್ರಿಟ್ ರೇಟ್ (ಹೊಡೆತ ಮಾಮೂಲಿಗಿಂತ ಜೋರಾಗಿ ಬೀಳುವ ಸಾಧ್ಯತೆ) ಮೂಲತಃ ಎಲ್ಲರಿಗೂ 5 ಶೇಕಡ, ಕ್ರಿಟ್ ಡ್ಯಾಮೇಜ್ (ಆಗ ಸೇರುವ ಹೆಚ್ಚಿನ ಪೆಟ್ಟು) ಎಲ್ಲರಿಗೂ 50. ಎಲ್ಲರಿಗೂ ಒಂದೇ ಇರುವುದಕ್ಕೆ ಕಾಲಂ ಯಾಕೆ? ಮೇಲೆ ಒಂದು ವಾಕ್ಯ ಸಾಕು. ನಿಮ್ಮ ಹನ್ನೆರಡರಲ್ಲಿ ಇಂಥವು ಮೂರಾದರೂ ಕಂಡವು, ಕಿತ್ತುಹಾಕಿ. ಶೇಕಡ ಚಿಹ್ನೆ ಪ್ರತಿ ಮನೆಯಲ್ಲೂ ಬೇಡ, ತಲೆಸಾಲಿನಲ್ಲಿ ಒಮ್ಮೆ ಇದ್ದರೆ ಆಯಿತು. ಲೆವೆಲ್ ಪ್ರಕಾರ ಬೆಳೆಯುವ ಅಂಕಿಗಳು ಹೀರೋನ ಪುಟದಲ್ಲಿರಲಿ. ದೊಡ್ಡ ಟೇಬಲ್‌ನಲ್ಲಿ ಕೊನೆಯ ಲೆವೆಲ್ ಮಾತ್ರ. ಫೋನಿನಲ್ಲಿ ಹೆಸರಿನ ಕಾಲಂ ಅಲ್ಲಾಡದೆ ನಿಂತು, ಉಳಿದವು ಪಕ್ಕಕ್ಕೆ ಸರಿಯುವಂತೆ ಮಾಡಬಹುದು. ಇದು ನಿಮಗೇ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಇನ್ನೊಂದು, ಅಂಕಿಗಳನ್ನು ಒಂದೇ ಕಡೆ ಬರೆಯಿರಿ. ಹೀರೋನ ಪುಟವೂ ದೊಡ್ಡ ಟೇಬಲ್ಲೂ ಅಲ್ಲಿಂದಲೇ ತೆಗೆದುಕೊಳ್ಳಲಿ. ಆಟ ಮಾಡುವವರು ಅಂಕಿಗಳನ್ನು ತಿದ್ದುತ್ತಲೇ ಇರುತ್ತಾರೆ. ಪಿಕಾಚುವಿನ ರಕ್ಷಣೆ 2013ರಲ್ಲಿ 30ರಿಂದ 40ಕ್ಕೆ ಏರಿತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಓದುಗ ಯಾವುದನ್ನು ನಂಬಬೇಕು? ಯಾವ ಆವೃತ್ತಿಯ ಲೆಕ್ಕ ಎಂದು ಟೇಬಲ್‌ನ ತಲೆಯ ಮೇಲೆ ಬರೆದಿರಲಿ.

ದೊಡ್ಡ ಟೇಬಲ್ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಲೋಕಲ್ ಟ್ರೇನಿನ ಪಾಕೆಟ್ ಟೈಮ್‌ಟೇಬಲ್ ನೆನಪಿದೆಯೇ? ನಿಮ್ಮ ವಯಸ್ಸಿಗೆ ಇರಲಿಕ್ಕಿಲ್ಲ, ಅಪ್ಪನನ್ನು ಕೇಳಿ. ನಮ್ಮ ಕಾಲದಲ್ಲಿ ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುವ ಹುಡುಗರಿದ್ದರು. ಕ್ಲಾಸು ಮುಗಿಸಿ ಆ ಪುಟ್ಟ ಪುಸ್ತಕ ತೆಗೆದು, ಇರುವೆಯಂಥ ಅಕ್ಷರದ ಮೇಲೆ ಬೆರಳು ಓಡಿಸಿ, ಫಾಸ್ಟ್ ಯಾವುದು, ಸ್ಲೋ ಯಾವುದು, ಕಲ್ಯಾಣದ ಕೊನೆಯ ಗಾಡಿ ಎಷ್ಟಕ್ಕೆ ಅಂತ ಕ್ಷಣದಲ್ಲಿ ಹೇಳುತ್ತಿದ್ದರು. ಬಣ್ಣ ಇರಲಿಲ್ಲ, ಬಾರ್ ಇರಲಿಲ್ಲ. ಗಾಡಿ ನಿಲ್ಲದ ಸ್ಟೇಷನ್ನಿಗೆ ಅಲ್ಲಿ ಸಮಯ ಇರುತ್ತಿರಲಿಲ್ಲ. ಯಾರೂ ಅದನ್ನು ಹನ್ನೆರಡು ಗಂಟೆ ಅಂತ ಓದಲಿಲ್ಲ. ನೀವಾದರೋ ಗೊತ್ತಿಲ್ಲದ ಸ್ಟಾಟಿಗೂ ಸೊನ್ನೆ, ಇಲ್ಲದ ಸ್ಟಾಟಿಗೂ ಸೊನ್ನೆ, ನಿಜವಾದ ಸೊನ್ನೆಗೂ ಸೊನ್ನೆ ಹಾಕಿದ್ದೀರಿ. ಮೂರೂ ಬೇರೆ ಬೇರೆ ಮಾರಾಯ್ರೆ.

ಈಗಿನವರಿಗೆ ಸಾಲುಗಳೆಂದರೆ ಭಯ. ಪತ್ರಿಕೆಗಳಲ್ಲಿ ಬಜೆಟ್ ಬಂದರೆ ದುಡ್ಡಿನ ಚೀಲದ ಚಿತ್ರ, ಚುನಾವಣೆ ಬಂದರೆ ಮೂರು ಬಣ್ಣದ ಚಕ್ರ. ನಮ್ಮ ವಾರ್ಡಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅಂತ ನೋಡಹೋದರೆ ಸಿಗುವುದಿಲ್ಲ. ಇನ್ನು ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ! ನನಗೆ ಗೊತ್ತಿರುವ ಒಂದು ಕಟ್ಟಡದಲ್ಲಿ ಕಮಿಟಿಯವರು ಲೆಕ್ಕಪತ್ರದ ಬದಲು ಪರದೆಯ ಮೇಲೆ ದುಂಡನೆಯ ಬಣ್ಣದ ಚಿತ್ರ ತೋರಿಸಿದರು. "ರಿಪೇರಿ" ಅಂತ ದೊಡ್ಡ ಹಸಿರು ಹೋಳು. ಹೋದ ವರ್ಷ ರಿಪೇರಿಗೆ ಎಷ್ಟಾಗಿತ್ತು ಎಂದು ಮೂರನೇ ಮಾಳಿಗೆಯ ಹೆಂಗಸೊಬ್ಬರು ಕೇಳಿದರು. ಎರಡು ವರ್ಷದ ಅಂಕಿ ಅಕ್ಕಪಕ್ಕ ಇಟ್ಟಿದ್ದರೆ ಆ ಪ್ರಶ್ನೆಯೇ ಬೇಕಿರಲಿಲ್ಲ. ಉತ್ತರದ ಬದಲು ಬಟಾಟೆ ವಡೆ ಬಂತು. ನಮ್ಮ ಕನ್ನಡ ಸಂಘಗಳ ವರದಿಗಳೂ ಏನು ಕಮ್ಮಿಯಿಲ್ಲ. ಹಾರ ಹಾಕಿಸಿಕೊಂಡವರ ಫೋಟೋ ಇಪ್ಪತ್ತು ಪುಟ, ಖರ್ಚಿನ ಲೆಕ್ಕ ಕೊನೆಯ ಒಳರಕ್ಷಾಪುಟದಲ್ಲಿ, ಭೂತಗನ್ನಡಿ ಬೇಕು. ಹೋಲಿಸಿ ನೋಡಬಾರದು ಎಂದಿದ್ದರೆ ಟೇಬಲ್ ಮುರಿಯುವುದೇ ಸುಲಭದ ದಾರಿ. ನಿಮ್ಮ ಗೆಳೆಯರಿಗೆ ಅಂಥ ಉದ್ದೇಶ ಇಲ್ಲ, ಗೊತ್ತು. ಅವರಿಗೆ ಚಂದ ಕಾಣಬೇಕು ಅಷ್ಟೇ.

ಬಣ್ಣ ಹಾಕಲೇಬೇಕು ಎಂದು ಅವರು ಹಟ ಹಿಡಿದರೆ ಒಂದನ್ನು ಬಿಟ್ಟುಕೊಡಿ: ಪ್ರತಿ ಕಾಲಂನ ಅತಿ ದೊಡ್ಡ ಅಂಕಿಯ ಹಿಂದೆ ತೆಳು ಛಾಯೆ, ಜತೆಗೆ ದಪ್ಪಕ್ಷರ. ಕೆಂಪು ಹಸಿರು ಬೇಡ, ಆ ಎರಡರ ವ್ಯತ್ಯಾಸ ಕಾಣದ ಕಣ್ಣುಗಳು ಬಹಳ ಇವೆ.

ಹಾಗೆಯೇ ನನಗೊಂದು ಕೆಲಸ ಮಾಡಿಕೊಡಿ. ನಿಮ್ಮ ಆಟದ ಹತ್ತು ಹೀರೋಗಳನ್ನು ಆರಿಸಿ, ಆರು ಕಾಲಂ ಮೀರದ ಟೇಬಲ್ ಮಾಡಿ, ಹೆಸರುಗಳನ್ನು ಕನ್ನಡದಲ್ಲೇ ಬರೆದು, ಯಾರನ್ನು ಯಾಕೆ ಆಡಬೇಕೆಂದು ಒಂದು ಪುಟದ ಲೇಖನ ಕಳಿಸಿ. ಇಪ್ಪತ್ತನೇ ತಾರೀಕಿನೊಳಗೆ ಬಂದರೆ ಮುಂದಿನ ಸಂಚಿಕೆಗೆ ಹಾಕುತ್ತೇನೆ. ಕವನದವರು ಒಂದು ಪುಟ ಬಿಟ್ಟುಕೊಡಲಿ.